ಕತ್ತರಿಸಿದವರೇ ಹೊಲಿಯಬೇಕು

ಅಕ್ಕನಿಗೆ ಕತ್ತರಿ ಅಕ್ಕ ಎಂದು ಹೆಸರಿಟ್ಟದ್ದು ನಮ್ಮ ಬೀದಿಯವರು. ಇಪ್ಪತ್ತೆಂಟು ವರ್ಷ ಬಟ್ಟೆ ಕತ್ತರಿಸಿದ ಕೈ ಅವಳದು. ಅಂಗಡಿಯಲ್ಲಿ ನಾವಿಬ್ಬರೇ. ಅವಳು ಅಳತೆ ತೆಗೆದು ಕತ್ತರಿಸುತ್ತಾಳೆ, ನಾನು ಹೊಲಿದು, ಕಾಜಾ ಹಾಕಿ, ಗುಂಡಿ ಕೂರಿಸುತ್ತೇನೆ. ಹಾಗಾಗಿ ಅವಳು ನನ್ನನ್ನು ಕರೆಯುವುದೇ ಕಾಜಾ ಎಂದು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ನನಗೆ ಆರು ವರ್ಷ. ಜಡೆ ಹಾಕಿದವಳು, ಶಾಲೆಗೆ ಬಿಟ್ಟವಳು, ಹೊಲಿಗೆ ಕಲಿಸಿದವಳು, ಹೊಲಿಗೆ ಸೊಟ್ಟಗಾದರೆ ಅಳತೆ ಟೇಪಿನಲ್ಲಿ ಬಾರಿಸಿದವಳು, ಎಲ್ಲ ಅವಳೇ. ಅವಳ ಮಾತಿಗೆ ಎದುರಾಡುವುದು ನಮ್ಮ ಮನೆಯಲ್ಲಿ ಇಲ್ಲ. ಹಾಗೆಂದು ನಾನು ಸಾಧು ಅಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಕ್ಕನ ಮೇಲೆ ತೋರಿಸಲಾಗದ್ದನ್ನು ಊರಿನ ಮೇಲೆ ತೀರಿಸಿಕೊಳ್ಳುತ್ತೇನೆ.

ಅಕ್ಕನದು ಒಂದು ನಿಯಮ. ಒಂದು ಅಂಗಡಿಯವರು ಕತ್ತರಿ ಆಡಿಸಿದ ಬಟ್ಟೆಗೆ ಇನ್ನೊಂದು ಅಂಗಡಿಯವರು ಕೈ ಹಾಕಬಾರದು. ನಮ್ಮ ಕಸುಬಿನಲ್ಲಿ ಬಹಳ ಜನ ಹೀಗೆಯೇ, ಆದರೆ ಅಕ್ಕನಷ್ಟು ಹಟದವರನ್ನು ನಾನು ಕಂಡಿಲ್ಲ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಬೇರೆ ಅಂಗಡಿಯಲ್ಲಿ ಹಾಳಾದ ಕೋಟು ಹಿಡಿದು ಬಂದಿದ್ದರು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಸರಿಮಾಡಿಕೊಡಿ ಎಂದು ಗೋಗರೆದರು. ಅಕ್ಕ ಕೋಟನ್ನು ಮುಟ್ಟಲೂ ಇಲ್ಲ.

"ಕತ್ತರಿಸಿದವರ ಹತ್ರನೇ ಹೋಗಿ ಸಾರ್. ಒಳಗೆ ಎಲ್ಲೆಲ್ಲಿ ಎಷ್ಟು ಬಟ್ಟೆ ಬಿಟ್ಟಿದಾರೆ ಅಂತ ಅವರಿಗೇ ಗೊತ್ತಿರೋದು" ಎಂದಳು. ಮ್ಯಾನೇಜರು ಗೊಣಗುತ್ತಾ ಹೋದರು. ನನಗೆ ಆಗ ಅಕ್ಕನ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಈ ನಿಯಮವೇ ಅವಳನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿತು. ಅದನ್ನು ಹೇಳಲಿಕ್ಕೇ ನಾನು ಕೂತಿರುವುದು.

ಅಕ್ಕನ ಕರುಳಿನಲ್ಲಿ ಗಂಟು ಬೆಳೆದು ದಾರಿ ಕಟ್ಟಿತು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು ಎಂದರು. ಎರಡು ಬೀದಿ ಆಚೆಗಿನ ನರ್ಸಿಂಗ್ ಹೋಮಿನ ಸರ್ಜನ್ನು ನಮ್ಮ ಗಿರಾಕಿ. ಅವರ ಬಿಳಿ ಕೋಟುಗಳನ್ನೆಲ್ಲ ಹನ್ನೊಂದು ವರ್ಷದಿಂದ ನಾವೇ ಹೊಲಿಯುವುದು. ಮನೆಯಲ್ಲಿ ಅವರನ್ನು ಕೋಟಿನ ಡಾಕ್ಟರು ಎನ್ನುತ್ತೇವೆ. ಮಾತು ಬೆಣ್ಣೆ, ನಗು ಅದಕ್ಕಿಂತ ನುಣುಪು. ಬೇರೆ ಡಾಕ್ಟರನ್ನು ಕೇಳುವ ಯೋಚನೆಯೇ ಯಾರಿಗೂ ಬರಲಿಲ್ಲ.

"ಒಂದು ಗೇಣು ಕರುಳು ತೆಗೆದು ಎರಡು ತುದಿ ಸೇರಿಸಿದೀನಿ. ತಿಂಗಳಲ್ಲಿ ಮೇಜಿನ ಮುಂದೆ ನಿಂತಿರ್ತೀರಿ" ಎಂದರು ಆಪರೇಷನ್ ಮುಗಿಸಿ. ಅಕ್ಕ ಆ ಅರೆಮಂಪರಿನಲ್ಲೂ ಅವರಿಗೆ ಕೈ ಮುಗಿದಳು.

ಐದನೇ ದಿನ ಜ್ವರ ಬಂತು. ಹೊಟ್ಟೆ ಬಿಗಿದು ಕಲ್ಲಾಯಿತು. "ಗ್ಯಾಸು. ನಾಲ್ಕು ಹೆಜ್ಜೆ ನಡೀಲಿ" ಎಂದರು. ಏಳನೇ ದಿನ ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಹತ್ತನೇ ದಿನ ಗಾಯದ ಕೆಳತುದಿ ಬಿಟ್ಟುಕೊಂಡು ನೀರು ಜಿನುಗಿತು. "ಹೊಲಿಗೆಯಲ್ಲಿ ಸ್ವಲ್ಪ ಕೀವಾಗಿದೆ, ದಿನಾ ಡ್ರೆಸ್ಸಿಂಗ್ ಮಾಡಿಸಿ" ಎಂದರು. ಹನ್ನೆರಡನೇ ದಿನ ಊಟ ಸೇರುತ್ತಿಲ್ಲ ಎಂದರೆ "ಮನಸ್ಸಿನಲ್ಲಿ ಭಯ ಇದೆ" ಎಂದರು. ಭಯವಂತೆ! ಕಡ್ಡಿ ಮುರಿದಂತೆ ಒಂದು ಮಾತು ಆಡಿದ್ದರೆ ಕೇಳಿ. ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ನಾವು ಕೋಲೆ ಬಸವನ ಹಾಗೆ ತಲೆಯಾಡಿಸಿದೆವು.

ನರ್ಸಿಂಗ್ ಹೋಮಿನ ಹಿಂಬದಿಯ ಸಣ್ಣ ಕೋಣೆಯಲ್ಲಿ ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಒಬ್ಬರಿದ್ದರು. ಮಾತು ಕಡಿಮೆ. ಹದಿಮೂರನೇ ದಿನ ಅಕ್ಕನನ್ನು ಭಾವ ಹೊರಗಿನ ಬೆಂಚಿಗೆ ಕರೆದುಕೊಂಡು ಹೋದ ಮೇಲೆ ಅವರು ಬಾಗಿಲು ಮುಂದಕ್ಕೆ ಮಾಡಿ, ತೆಗೆದ ಹತ್ತಿಯನ್ನು ನನ್ನ ಮುಂದೆ ಹಿಡಿದರು. ಹಸಿರು ಮಿಶ್ರಿತ ಹಳದಿ. ಆ ವಾಸನೆಯನ್ನು ನಾನು ಬರೆಯಲಾರೆ.

"ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ. ಇದು ಕೀವಲ್ಲ. ಕರುಳಿನ ಒಳಗಿರೋದೇ ಹೊರಗೆ ಬರ್ತಾ ಇದೆ. ಸೇರಿಸಿದ ಜಾಗ ಬಿಟ್ಟಿರಬೇಕು. ದೊಡ್ಡಾಸ್ಪತ್ರೆ ಮೂರನೇ ಮಹಡಿಯಲ್ಲಿ ಕರುಳಿನ ವಿಭಾಗ ಇದೆ. ಅಲ್ಲೊಬ್ರು ಮೇಡಂ ಇಂಥದ್ದನ್ನೇ ನೋಡೋದು. ಬೇಗ ಕರ್ಕೊಂಡು ಹೋಗಿ."

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದವಳು ಈಚೆ ತಿರುಗಿದಳು.

"ನಮ್ಮ ಡಾಕ್ಟರನ್ನ ಬಿಟ್ಟು ಬೇರೆಯವರ ಹತ್ರ ಹೋಗೋದಾ? ಒಳಗೆ ಏನೇನು ಮಾಡಿದಾರೆ ಅಂತ ಬೇರೆಯವರಿಗೇನು ಗೊತ್ತು?"

"ಅವರು ಏನೂ ಇಲ್ಲ ಅಂತಾರಲ್ಲ ಅಕ್ಕ."

"ತಪ್ಪಾಗಿದ್ರೆ ಹೇಳ್ತಿದ್ರು. ಕತ್ತರಿಸಿದವರಿಗೇ ಮೊದಲು ಗೊತ್ತಾಗೋದು. ನಾನು ಹೇಳಲ್ವಾ ಗಿರಾಕಿಗೆ?"

ಹೇಳುತ್ತಾಳೆ, ಅದು ನಿಜ. ಬಟ್ಟೆ ತಪ್ಪು ಕತ್ತರಿಸಿದರೆ ಆ ಸಂಜೆಯೇ ಚಪ್ಪಲಿ ಮೆಟ್ಟಿ ಗಿರಾಕಿಯ ಮನೆಗೆ ಹೋಗಿ, ನನ್ನಿಂದ ತಪ್ಪಾಯಿತು ಎಂದು ಹೇಳಿ ಬರುತ್ತಾಳೆ. ಬೈಸಿಕೊಂಡೂ ಬಂದಿದ್ದಾಳೆ. ಅವಳ ನಿಯಮ ನಿಂತಿದ್ದೇ ಈ ಪ್ರಾಮಾಣಿಕತೆಯ ಮೇಲೆ. ಎಲ್ಲ ಕತ್ತರಿ ಹಿಡಿದವರೂ ತನ್ನ ಹಾಗೇ ಎಂದುಕೊಂಡಳು ಪುಣ್ಯಾತ್ಗಿತ್ತಿ. ಅವಳು ಬೇಡ ಎಂದ ಮೇಲೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಹದಿನೇಳನೇ ದಿನ ಬೆಳಿಗ್ಗೆ ಅಕ್ಕ ಹಾಸಿಗೆಯ ಮೇಲೆ ಬೆರಳು ಚಾಚಿ ಗಾಳಿಯಲ್ಲಿ ಅಳತೆ ತೆಗೆಯುತ್ತಿದ್ದಳು. "ಸೀಮೆಸುಣ್ಣ ಕೊಡಮ್ಮ" ಎಂದಳು ನನಗೆ. ನನ್ನನ್ನು ಅಮ್ಮ ಎಂದುಕೊಂಡಿದ್ದಳು. ಮೈ ಕೆಂಡ, ಹಲ್ಲು ಕಟಕಟ ಎನ್ನುತ್ತಿತ್ತು. ಗಾಯದ ಸುತ್ತಲಿನ ಚರ್ಮ ಬೆಂದಂತೆ ಕೆಂಪಾಗಿತ್ತು. ಕೋಟಿನ ಡಾಕ್ಟರಿಗೆ ಫೋನ್ ಮಾಡಿದೆ. "ನೀವು ಸುಮ್ನೆ ಗಾಬರಿ ಬೀಳ್ತೀರಿ. ಸೋಮವಾರ ತೋರಿಸೋಕೆ ಬರಬೇಕಲ್ಲ, ಆಗ ನೋಡೋಣ" ಎಂದರು. ಅಂದು ಗುರುವಾರ. ನನ್ನ ಪಿತ್ತ ನೆತ್ತಿಗೇರಿತು.

ಭಾವನನ್ನು ಅಕ್ಕನ ಪಕ್ಕ ಕೂರಿಸಿ, ಡಿಸ್ಚಾರ್ಜ್ ಚೀಟಿ ಹಿಡಿದು ಓಡಿದೆ. ದೊಡ್ಡಾಸ್ಪತ್ರೆ ದೂರ, ಹತ್ತಿರದ ಮುಖ್ಯರಸ್ತೆಯಲ್ಲೇ ಇನ್ನೊಬ್ಬ ಸರ್ಜನ್ನಿನ ಕ್ಲಿನಿಕ್ಕು ಇದೆ. ಆತ ಚೀಟಿಯ ಮೇಲಿನ ಹೆಸರು ಓದಿದ್ದಷ್ಟೇ, ಎರಡು ಬೆರಳಿನಲ್ಲಿ ಅದನ್ನು ನನ್ನ ಕಡೆ ತಳ್ಳಿದ.

"ಯಾರು ಆಪರೇಷನ್ ಮಾಡಿದ್ರೋ ಅವರ ಹತ್ರನೇ ಹೋಗಿ. ಬೇರೆಯವರು ಮಾಡಿದ್ದಕ್ಕೆ ನಾವು ಕೈ ಹಾಕಲ್ಲ."

ಅಕ್ಷರಕ್ಕೆ ಅಕ್ಷರ ನಮ್ಮ ಅಕ್ಕನ ಮಾತು! ಮ್ಯಾನೇಜರಿಗೆ ಹೇಳಿದ್ದು ಹೀಗೆಯೇ ಅಲ್ಲವೇ? ನನಗೆ ನಿಂತ ನೆಲ ಸುಡುತ್ತಿದೆ ಎನ್ನಿಸಿತು. "ಕೋಟು ಹಾಳಾದರೆ ಚಳಿಗೆ ಶಾಲು ಹೊದ್ದುಕೊಳ್ಳಬಹುದು ಡಾಕ್ಟ್ರೇ. ಇದು ಕರುಳು" ಎಂದೆ. ಆತ ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದ.

ಸಂಜೆ ಭಾವ ತಾವು ಕೆಲಸ ಮಾಡುವ ಬಸ್ ಡಿಪೋದ ಸ್ನೇಹಿತರನ್ನು ಕೇಳಿ ಇನ್ನೊಂದು ಆಸ್ಪತ್ರೆ ಹುಡುಕಿದರು. ಹೊರಗೆಲ್ಲ ಗಾಜು, ಒಳಗೆ ಮುಖ ಕಾಣುವ ನೆಲ. ಅಕ್ಕನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಇಬ್ಬರೂ ಹೋದೆವು. ಅಲ್ಲಿನ ಡಾಕ್ಟರಿಗೆ ನಮ್ಮ ಮಾತು ಮುಗಿಯುವ ತಾಳ್ಮೆ ಇರಲಿಲ್ಲ.

"ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ. ಓಪನ್ ಮಾಡಿ ಸರಿ ಮಾಡಿಬಿಡೋಣ."

"ಸ್ಕ್ಯಾನು?" ಎಂದೆ.

"ಓಪನ್ ಮಾಡಿದ್ರೆ ಎಲ್ಲಾ ಕಾಣುತ್ತಲ್ಲ."

"ಇಂಥವರನ್ನ ವರ್ಷಕ್ಕೆ ಎಷ್ಟು ಜನರನ್ನ ನೋಡ್ತೀರಿ ಡಾಕ್ಟ್ರೇ?"

"ಏನಮ್ಮಾ, ನನಗೇ ಪರೀಕ್ಷೆ ಮಾಡ್ತೀರಾ?" ಎಂದು ನಕ್ಕರು. ಭಾವನೂ ಜೊತೆಗೆ ನಕ್ಕರು, ನನ್ನ ಪರವಾಗಿ ಕ್ಷಮೆ ಕೇಳಿದ ಹಾಗೆ. ಹೊರಗೆ ಬಂದ ಮೇಲೆ "ಎಷ್ಟು ಧೈರ್ಯವಾಗಿ ಹೇಳಿದ್ರು ನೋಡು" ಎಂದರು. ಮೂರು ಮಕ್ಕಳ ಯೂನಿಫಾರ್ಮನ್ನು ಅಳತೆ ಇಲ್ಲದೆ ಕಣ್ಣಂದಾಜಿನಲ್ಲಿ ಕತ್ತರಿಸುತ್ತೇನೆ ಎನ್ನುವವನನ್ನು ನಾನು ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಅಕ್ಕನ ಹೊಟ್ಟೆಯನ್ನು ಕೊಡುತ್ತೇನೆಯೇ?

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಕರೆಸಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿದೆವು. ಭಾವ ಗಾಜಿನ ಆಸ್ಪತ್ರೆ ಎಂದರು. ನಾನು ದೊಡ್ಡಾಸ್ಪತ್ರೆ ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡೇ "ನಮ್ಮ ಡಾಕ್ಟರ ಹತ್ರನೇ" ಎಂದಳು. ಡ್ರೈವರ್ ನಾಲ್ಕು ರಸ್ತೆ ಕೂಡುವಲ್ಲಿ ಗಾಡಿ ನಿಧಾನ ಮಾಡಿ ಹಿಂದೆ ತಿರುಗಿದ.

"ಮೂರು ಜನ ಮೂರು ಕಡೆ ಹೇಳಿದ್ರೆ ನಾನು ಗಾಡಿನ ಮೂರು ತುಂಡು ಮಾಡ್ಲಾ? ಯಾರಾದ್ರೂ ಒಬ್ರು ಹೇಳಿ."

"ಅವಳ ಮಾತಾದ್ರೂ ಕೇಳು, ರೋಗಿ ಅವಳು" ಎಂದರು ಭಾವ.

"ಭಾವ, ನೀವು ಸುಮ್ಮನಿರಿ. ಅಕ್ಕ, ನೀನೂ ಸುಮ್ಮನಿರು" ಎಂದೆ. ಹುಟ್ಟಿದಾಗಿನಿಂದ ಅಕ್ಕನಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. "ದೊಡ್ಡಾಸ್ಪತ್ರೆಗೆ ತಿರುಗಿಸಪ್ಪ" ಎಂದೆ.

ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಬಣ್ಣ ಸುಲಿದ ಗೋಡೆ, ಕಾಲು ಮುರಿದ ಬೆಂಚು, ಉದ್ದನೆಯ ಸಾಲು. ಭಾವ ಮೂಗು ಮುರಿದರು. ಆದರೆ ಆ ಮೇಡಂ ಸಾಲು ದಾಟಿ ಬಂದು ಸ್ಟ್ರೆಚರಿನ ಪಕ್ಕ ನಿಂತರು. ಐವತ್ತು ದಾಟಿದ ಕುಳ್ಳ ಹೆಂಗಸು, ತೋಳು ಮಡಚಿದ ಹಳೇ ಕೋಟು. ಮೊದಲು ನಾಡಿ ಹಿಡಿದರು, ಆಮೇಲೆ ಹೊದಿಕೆ ಸರಿಸಿ ಗಾಯ ನೋಡಿದರು, ಸುತ್ತಲಿನ ಚರ್ಮ ನೋಡಿದರು. ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆಯಾಗುತ್ತದೆ, ಯಾವ ಬಣ್ಣ, ತಿಂದ ಎಷ್ಟು ಹೊತ್ತಿಗೆ ಹೆಚ್ಚುತ್ತದೆ, ಮೂತ್ರ ಎಷ್ಟು ಹೋಗುತ್ತಿದೆ, ಎಲ್ಲ ಕೇಳಿದರು. ಹದಿನೆಂಟು ದಿನಗಳಲ್ಲಿ ಯಾರೂ ಕೇಳದ ಪ್ರಶ್ನೆಗಳು.

ನಾನು ಅದೇ ಪ್ರಶ್ನೆ ಹಾಕಿದೆ. "ಇಂಥವರನ್ನ ಎಷ್ಟು ಜನರನ್ನ ನೋಡ್ತೀರಿ ಮೇಡಂ?"

"ತಿಂಗಳಿಗೆ ಇಬ್ರು ಮೂವರು ಬರ್ತಾರೆ. ಬಹಳ ಜನ ತಡವಾಗೇ ಬರ್ತಾರೆ. ಹೋದ ವರ್ಷ ನಾಲ್ಕು ಜನ ಉಳೀಲಿಲ್ಲ."

ಭಾವ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. "ಸತ್ತವರ ಲೆಕ್ಕ ಹೇಳೋ ಡಾಕ್ಟರ ಹತ್ರ ನನ್ನ ಹೆಂಡತೀನ ಬಿಡ್ಲಾ?"

"ಅದಕ್ಕೇ ಬಿಡಬೇಕು" ಎಂದೆ. ಒಳ್ಳೆಯ ಹೊಲಿಗೆಯವರು ಯಾರು ಎಂದು ನನ್ನನ್ನು ಕೇಳಿದರೆ, ಬಟ್ಟೆಯ ಒಳಮೈ ತಿರುಗಿಸಿ ತೋರಿಸಲು ಹೆದರದವರು ಎನ್ನುತ್ತೇನೆ. ಈ ಹೆಂಗಸು ಕೇಳಿದ ಕೂಡಲೇ ಒಳಮೈ ತೋರಿಸಿದ್ದರು. ಅದನ್ನು ಭಾವನಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆ ಇರಲಿಲ್ಲ. ದಾಖಲಾತಿ ಕಾಗದವನ್ನು ಅವರ ಕೈಗೆ ತುರುಕಿ ಸಹಿ ಹಾಕಿ ಎಂದೆ.

"ಈಗಲೇ ಹೊಟ್ಟೆ ಕೊಯ್ಯಲ್ಲ" ಎಂದರು ಮೇಡಂ. "ಒಳಗೆಲ್ಲ ಉರಿದು ಅಂಟಿಕೊಂಡಿರುತ್ತೆ, ಈಗ ಕೈ ಹಾಕಿದ್ರೆ ಇನ್ನೂ ಹರಿಯುತ್ತೆ. ಸ್ಕ್ಯಾನ್ ಮಾಡಿ, ಕೀವು ಎಲ್ಲಿ ನಿಂತಿದೆ ನೋಡಿ, ನಳಿಗೆ ಹಾಕಿ ತೆಗೀಬೇಕು. ಬಾಯಿಗೆ ಏನೂ ಬೇಡ, ರಕ್ತನಾಳದಲ್ಲೇ ಆಹಾರ. ಆಮೇಲೆ ಕಾಯಬೇಕು. ತಿಂಗಳುಗಟ್ಟಲೆ ಆಗಬಹುದು. ಮೊದಲನೇ ಆಪರೇಷನ್ನಿನ ಪೂರ್ತಿ ಕಾಗದ ಬೇಕು ನನಗೆ. ಎಷ್ಟು ಕರುಳು ತೆಗೆದ್ರು, ಎಲ್ಲಿ ಸೇರಿಸಿದ್ರು, ಹೇಗೆ ಸೇರಿಸಿದ್ರು. ಈ ಚೀಟಿಯಲ್ಲಿ ಏನೂ ಇಲ್ಲ."

ನಾನು ನೇರ ನರ್ಸಿಂಗ್ ಹೋಮಿಗೆ ಹೋದೆ. ಕೋಟಿನ ಡಾಕ್ಟರು ಕೌಂಟರಿನ ಬಳಿಯೇ ನಿಂತಿದ್ದರು, ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ನಾನೇ ಹಾಕಿದ ಕಾಜಾ, ನಾನೇ ಕೂರಿಸಿದ ಗುಂಡಿ, ಮೈಮೇಲೆ ಒಂದು ಸುಕ್ಕಿಲ್ಲ. ಆ ಕೋಟನ್ನು ಅಲ್ಲೇ ಹರಿದು ಹಾಕೋಣ ಎನ್ನಿಸಿತು.

"ನನಗೆ ಒಂದು ಮಾತೂ ಹೇಳದೆ ಬೇರೆ ಕಡೆ ಸೇರಿಸಿದ್ರಾ? ಇಷ್ಟು ವರ್ಷದ ನಂಬಿಕೆ ಎಲ್ಲಿ ಹೋಯ್ತಮ್ಮ?"

"ನಂಬಿಕೆ ವಿಷಯ ಆಮೇಲೆ ಮಾತಾಡೋಣ ಸಾರ್. ಈಗ ಕೇಸ್‌ಶೀಟಿನ ನಕಲು ಬೇಕು."

"ಅದೆಲ್ಲ ಹಾಗೆ ಕೊಡೋಕಾಗಲ್ಲ. ಮುಂದಿನ ವಾರ ಬನ್ನಿ."

ಬೆಂಚಿನಲ್ಲಿ ಹದಿನೈದು ರೋಗಿಗಳು ಕೂತಿದ್ದರು. ನಾನು ಅವರ ಕಡೆ ತಿರುಗಿ ನಿಂತೆ. "ಕೇಳ್ರಪ್ಪ, ನಮ್ಮಕ್ಕನ ಕರುಳು ಸೋರ್ತಾ ಇದೆ, ಇವರು ಅದಕ್ಕೆ ಗ್ಯಾಸು ಅಂದ್ರು, ಭಯ ಅಂದ್ರು. ಕಾಗದ ಕೇಳಿದ್ರೆ ಮುಂದಿನ ವಾರ ಅಂತಾರೆ. ಮುಂದಿನ ವಾರದವರೆಗೆ ಅವಳು ಇರ್ತಾಳಾ ಅಂತ ನೀವೇ ಕೇಳಿ" ಎಂದೆ. ನನ್ನ ದನಿ ಬೀದಿಯವರೆಗೆ ಕೇಳಿಸಿತಂತೆ. ಒಂದು ಕೂಸು ಅಳಲು ಶುರು ಮಾಡಿತು. ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಮುಕ್ಕಾಲು ಗಂಟೆ ಕಳೆದ ಮೇಲೆ ಕೌಂಟರಿನವಳು ನಕಲಿನ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದಳು.

ಮೇಡಂ ಅದನ್ನು ಕಿಟಕಿಯ ಬಳಿ ನಿಂತು ಓದಿದರು. ಒಂದು ಹಾಳೆಯ ಹತ್ತಿರ ಕೈ ನಿಂತಿತು. ಏನು ಎಂದು ಕೇಳಿದೆ. ಅವರು ಮುಚ್ಚಿಡದೆ ಹೇಳಿದರು.

"ಸೇರಿಸಿದ ಜಾಗ ಸೋರೋದು ಯಾರ ಕೈಯಲ್ಲೂ ಆಗಬಹುದು. ನನ್ನ ಕೈಯಲ್ಲೂ ಆಗಿದೆ. ಅದಕ್ಕೆ ಯಾರನ್ನೂ ಬೈಬೇಡಿ. ಆದರೆ ಐದನೇ ದಿನ ಅವರೇ ಬರೆದಿದಾರೆ, ಸೋರಿಕೆ ಇರಬಹುದು, ಸ್ಕ್ಯಾನ್ ಮಾಡಿಸಬೇಕು ಅಂತ. ಮಾಡಿಸಿಲ್ಲ. ಏಳನೇ ದಿನ ಮನೆಗೆ ಕಳಿಸಿದಾರೆ."

ಗೊತ್ತಿತ್ತು! ನನಗೆ ಅಂದು ಬಂದ ಸಿಟ್ಟಿಗೆ ಹೆಸರಿಲ್ಲ. ಗ್ಯಾಸು ಎನ್ನುವಾಗಲೂ ಗೊತ್ತಿತ್ತು, ಭಯ ಎನ್ನುವಾಗಲೂ ಗೊತ್ತಿತ್ತು. ತನ್ನ ಹೆಸರಿಗೆ ಮಸಿ ಹತ್ತಬಾರದೆಂದು ಅಕ್ಕನ ಹೊಟ್ಟೆಯಲ್ಲಿ ವಿಷ ತುಂಬಲು ಬಿಟ್ಟ. ಇಲ್ಲಿಯವರೆಗೆ ಹಳೇ ಮರ್ಯಾದೆಯಲ್ಲೇ ಹೇಳಿದೆ, ಇನ್ನು ನನ್ನ ಬಾಯಲ್ಲಿ ಆತನಿಗೆ ಬಹುವಚನ ಹೊರಡುವುದಿಲ್ಲ.

ಅಕ್ಕ ಒಂಬತ್ತು ದಿನ ಐಸಿಯುನಲ್ಲಿದ್ದಳು. ಎರಡು ಸಲ ಮೇಡಂ ನಮ್ಮನ್ನು ಕರೆದು, ಏನನ್ನೂ ಹೇಳಲಾಗದು ಎಂದರು. ನಳಿಗೆಯಲ್ಲಿ ಬಂದ ಕೀವು ನೋಡಿ ಭಾವ ಗೋಡೆ ಹಿಡಿದುಕೊಂಡು ಕೂತುಬಿಟ್ಟರು, ಆಮೇಲೆ ಗಾಜಿನ ಆಸ್ಪತ್ರೆಯ ಸುದ್ದಿ ಎತ್ತಲಿಲ್ಲ. ಹತ್ತನೇ ದಿನ ಜ್ವರ ಇಳಿಯಿತು. ವಾರ್ಡಿಗೆ ಬಂದಳು. ಗಾಯದ ಬಾಯಿಗೆ ಚೀಲ ಅಂಟಿಸಿದ್ದರು, ಸುತ್ತಲಿನ ಚರ್ಮ ಒಣಗುತ್ತಿತ್ತು. ತೂತು ತಾನಾಗಿ ಮುಚ್ಚದಿದ್ದರೆ ಆರು ತಿಂಗಳ ನಂತರ ಇನ್ನೊಂದು ಆಪರೇಷನ್ನು. ಬದುಕುತ್ತಾಳೆ ಎಂದರು ಮೇಡಂ. ಅಕ್ಕನ ಕೈಗಳು ಒಣಗಿದ ಕಡ್ಡಿಗಳಂತಿದ್ದವು. ಆದರೆ ಮಾತು ಮೊದಲಿನಷ್ಟೇ ಚೂಪಾಗಿ ವಾಪಸು ಬಂದಿತ್ತು.

ಮಾತು ಸರಿಯಾಗಿ ಬಂದ ದಿನವೇ ಎಲ್ಲ ಹೇಳಿಬಿಟ್ಟೆ. ಐದನೇ ದಿನದ ಆ ಸಾಲನ್ನೂ ಹೇಳಿದೆ. ಅವಳು ಕೋಟಿನ ಡಾಕ್ಟರಿಗೆ ಶಾಪ ಹಾಕುವುದನ್ನು ಕೇಳಬೇಕಿತ್ತು ನನಗೆ. ಅವಳು ಹಾಕಲಿಲ್ಲ. ತಲೆದಿಂಬು ಎತ್ತರ ಮಾಡಿಸಿಕೊಂಡಳು.

"ಡಾಕ್ಟರುಗಳ ಮೇಲೆ ದೂರು ತಗೊಳ್ಳೋ ಮಂಡಳಿ ಇದೆಯಂತಲ್ಲ. ಕಾಗದ, ಪೆನ್ನು ತಗೋ. ನಾನು ಹೇಳ್ತೀನಿ, ನೀನು ಬರಿ."

ಸಂತೋಷದಿಂದ ಬರೆಯಲು ಕೂತೆ. ಅವಳು ಒಂದೊಂದೇ ಸಾಲು ಹೇಳಿದಳು. ಆಪರೇಷನ್ ಆದ ದಿನ, ಜ್ವರ ಬಂದ ದಿನ, ಮನೆಗೆ ಕಳಿಸಿದ ದಿನ. ಐದನೇ ದಿನವೇ ಡಾಕ್ಟರಿಗೆ ಅನುಮಾನ ಬಂದಿತ್ತು, ನಮಗೆ ಹೇಳಲಿಲ್ಲ. ಅದನ್ನು ನಾನು ಎಷ್ಟು ಒತ್ತಿ ಬರೆದೆನೆಂದರೆ ಕಾಗದ ಹರಿಯಿತು. ಇನ್ನೊಂದು ಹಾಳೆ ತೆಗೆದುಕೊಂಡೆ.

"ಆ ಸಿಸ್ಟರ್ ವಿಷಯ ಬರೀಬೇಡ. ಪಾಪ, ಕೆಲಸ ಹೋಗುತ್ತೆ" ಎಂದಳು. ಆಮೇಲೆ ಅದೇ ದನಿಯಲ್ಲಿ, "ಹದಿಮೂರನೇ ದಿನ ನನ್ನ ತಂಗಿಗೆ ವಿಷಯ ತಿಳೀತು. ಹದಿನೇಳರವರೆಗೆ ಸುಮ್ಮನಿದ್ಲು. ಹೂಂ, ಬರಿ" ಎಂದಳು.

ನನ್ನ ಪೆನ್ನು ನಿಂತಿತು. "ಅಕ್ಕಾ, ಬೇಡ ಅಂದಿದ್ದು ನೀನೇ ಅಲ್ವಾ?"

"ಹೌದು. ಅದನ್ನೂ ಬರಿ. ಬೇರೆಯವರ ಹತ್ರ ಹೋಗಲ್ಲ ಅಂತ ನಾನೇ ಹಟ ಹಿಡಿದೆ ಅಂತ."

"ಮತ್ತೆ ನನ್ನನ್ಯಾಕೆ..."

"ನನಗೆ ಜ್ವರ ಇತ್ತು ಕಣೇ. ನಿನಗೇನಾಗಿತ್ತು?"

ಟೇಪಿನಲ್ಲಿ ಬಾರಿಸಿ ಬೆಳೆಸಿದವಳು ನೀನು, ಎದುರಾಡಲು ಯಾವತ್ತು ಬಿಟ್ಟಿದ್ದೆ ಎಂದು ಕೂಗೋಣ ಎನ್ನಿಸಿತು. ನರ್ಸಿಂಗ್ ಹೋಮಿನಲ್ಲಿ ಬೀದಿಯವರೆಗೆ ಕೇಳಿಸಿದ ಬಾಯಿ ಅಲ್ಲಿ ತೆರೆಯಲಿಲ್ಲ. ಆ ನಾಲ್ಕು ದಿನ ನಾನು ಅಂಗಡಿಯಲ್ಲಿ ಕೂತು ಹೊಲಿದಿದ್ದೆ, ಯಾರದೋ ಮಕ್ಕಳ ಅಂಗಿಗಳನ್ನು.

ಅಕ್ಕ ಕಾಯುತ್ತಿದ್ದಳು. ನಾನು ಬರೆದೆ. ಅವಳು ಇಡೀ ಕಾಗದ ಓದಿಸಿ ಕೇಳಿ, ಕೆಳಗೆ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದಳು. ಪಕ್ಕದಲ್ಲಿ ನಾನೂ ಹಾಕಿದೆ.